ಸಕ್ಕರೆಯಿಲ್ಲದ ಸಿಹಿ
(ಬಾನುಲಿ ಭಾಷಣ)

ಕಲಾಸಿಪಾಳ್ಯದಲ್ಲಿ ತಕ್ಕಡಿಗೆ ಏರದ ವಸ್ತುವೇ ಇಲ್ಲವೆಂದು ನನಗೆ ಅನೇಕ ಸಲ ಅನ್ನಿಸಿದೆ. ಬೆಳಕು ಹರಿಯುವುದಕ್ಕೆ ಮೊದಲೇ ಅಲ್ಲಿ ತರಕಾರಿಯ ಮೂಟೆಗಳನ್ನು ತೂಗುತ್ತಾರೆ. ಹೊತ್ತು ಏರಿದಂತೆ ಲಾರಿ ಕಚೇರಿಗಳ ಮುಂದೆ ಕಬ್ಬಿಣದ ಸಾಮಾನು, ಬಟ್ಟೆಯ ಗಂಟು, ಔಷಧದ ಪೆಟ್ಟಿಗೆ ಎಲ್ಲವೂ ನೆಲತಕ್ಕಡಿಯ ಮೇಲೆ ಒಂದು ಕ್ಷಣ ನಿಂತು, ಚೀಟಿ ಅಂಟಿಸಿಕೊಂಡು, ಊರೂರಿಗೆ ಹೊರಡುತ್ತವೆ. ಚಾಮರಾಜಪೇಟೆಯಲ್ಲಿರುವ ನಮ್ಮ ಮನೆಯಿಂದ ಸಂಜೆ ನಾನು ತಿರುಗಾಡಲು ಹೊರಟರೆ ಈ ಗದ್ದಲದ ನಡುವೆಯೇ ಹಾದುಹೋಗಬೇಕು. ಹೀಗೆ ಹಾದುಹೋಗುವಾಗ ಒಂದು ದಿನ, ಒಂದು ಪಾರ್ಸಲ್ ಕಚೇರಿಯ ನೆಲತಕ್ಕಡಿಯ ಮೇಲೆ ಮೂಟೆಗೆ ಬದಲಾಗಿ ಮನುಷ್ಯರೊಬ್ಬರು ನಿಂತಿರುವುದನ್ನು ಕಂಡೆ. ತೂಗುತ್ತಿದ್ದ ಗುಮಾಸ್ತ, "ತೊಂಬತ್ತನಾಲ್ಕು ಕಿಲೋ. ಯಾವ ಊರಿಗೆ ಬುಕ್ ಮಾಡಲಿ, ಯಜಮಾನರೇ?" ಎಂದು ಕೇಳುತ್ತಿದ್ದ. ಸುತ್ತಲಿದ್ದವರು ನಗುತ್ತಿದ್ದರು. ತಕ್ಕಡಿಯ ಮೇಲೆ ನಿಂತಿದ್ದವರೂ ನಗುತ್ತಿದ್ದರು. ಆದರೆ ಅವರ ನಗೆಯಲ್ಲಿ ಅಷ್ಟು ಸಂತೋಷವಿರಲಿಲ್ಲ.

ಅವರು ಪಕ್ಕದ ಸೋಡಾ ಅಂಗಡಿಯ ಯಜಮಾನರು. ನನಗೆ ಸುಮಾರು ನಲವತ್ತು ವರ್ಷಗಳ ಪರಿಚಯ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯನಾಗಿದ್ದು ನಿವೃತ್ತನಾದವನು. ಅವರ ಪಾಲಿಗೆ ಇಂದಿಗೂ "ಮೇಷ್ಟ್ರು". ಅಂದು ಅವರು ತಕ್ಕಡಿಯಿಂದ ಇಳಿದು ಬಂದು ನನಗೆ ಒಂದು ಪ್ರಶ್ನೆ ಹಾಕಿದರು. ಆ ಪ್ರಶ್ನೆಗೆ ನಾನು ಮೊದಲ ಸಲ ಕೊಟ್ಟ ಉತ್ತರ ತಪ್ಪಾಯಿತು. ಆ ತಪ್ಪಿನ ಫಲವನ್ನು ಅನುಭವಿಸಿದವರು ನಾನಲ್ಲ, ಅವರು. ಆದ್ದರಿಂದ ಕೇಳುಗ ಮಿತ್ರರೇ, ಈ ಭಾಷಣವನ್ನು ನೀವು ಒಂದು ಬಗೆಯ ತಪ್ಪೊಪ್ಪಿಗೆಯೆಂದೇ ಭಾವಿಸಬಹುದು.

ಪ್ರಶ್ನೆ ಇಷ್ಟೆ: "ಮೇಷ್ಟ್ರೇ, ಈ ಸಕ್ಕರೆ ಹಾಕದ ಸೋಡಾ, ಡಯಟ್ ಸೋಡಾ ಅಂತಾರಲ್ಲ, ಅದನ್ನು ಕುಡಿದರೆ ಮೈ ಇಳಿಯುತ್ತದೆಯೇ?"

ಅವರ ಅಂಗಡಿಯ ಚರಿತ್ರೆಯನ್ನು ಒಂದಿಷ್ಟು ಹೇಳಬೇಕು. ಅವರ ತಂದೆಯ ಕಾಲದಲ್ಲಿ ಅಲ್ಲಿ ಮಾರುತ್ತಿದ್ದುದು ಗೋಲಿಸೋಡಾ. ದಪ್ಪ ಗಾಜಿನ ಸೀಸೆ, ಅದರ ಕೊರಳಲ್ಲಿ ರಬ್ಬರಿನ ಬಳೆ, ಒಳಗೊಂದು ಗಾಜಿನ ಗೋಲಿ. ಒಳಗಿನ ಅನಿಲದ ಒತ್ತಡವೇ ಗೋಲಿಯನ್ನು ಮೇಲಕ್ಕೆ ಒತ್ತಿ ಬಾಯಿ ಮುಚ್ಚುತ್ತದೆ. ಈ ಸೀಸೆಗೆ ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತ 1872ರಲ್ಲಿ ಹಕ್ಕುಪತ್ರ ಪಡೆದ. ಆತನ ದೇಶದವರು ಅದನ್ನು ಮರೆತ ಮೇಲೂ ನಮ್ಮ ಊರಿನ ಬೀದಿಗಳು ಅದನ್ನು ಕೈಬಿಡಲಿಲ್ಲ. ಬರಿಯ ಸೋಡಾ ಎಂದರೆ ನೀರು ಮತ್ತು ಇಂಗಾಲದ ಡೈಆಕ್ಸೈಡ್. ಅದರಲ್ಲಿ ಮೈ ಬೆಳೆಸುವಂಥದು ಏನೂ ಇಲ್ಲ. ಬಳಿಕ ಬಣ್ಣದ ಪಾನೀಯಗಳ ಕಾಲ ಬಂದಿತು. 1977ರಲ್ಲಿ ಕೋಕಾ ಕೋಲಾ ಕಂಪನಿ ಭಾರತವನ್ನು ಬಿಟ್ಟುಹೋದಾಗ, ಸರ್ಕಾರವೇ "ಡಬಲ್ ಸೆವೆನ್" ಎಂಬ ಪಾನೀಯವನ್ನು ಹೊರತಂದಿತು. ಅದರ ಸೂತ್ರ ಸಿದ್ಧವಾದದ್ದು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ. ಅದೂ ಹೋಯಿತು, ಬೇರೆ ಹೆಸರುಗಳು ಬಂದವು, 1993ರಲ್ಲಿ ಹೋದ ಕಂಪನಿಯೇ ಮರಳಿ ಬಂದಿತು. ಹೆಸರು ಯಾವುದಾದರೂ ಆಗಲಿ, ಸೀಸೆಯೊಳಗೆ ಬದಲಾಗದೆ ಉಳಿದ ವಸ್ತು ಸಕ್ಕರೆ. ಬಿಸಿಲಿನಲ್ಲಿ ನಿಂತು ವ್ಯಾಪಾರ ಮಾಡುವ ಯಜಮಾನರು ತಮ್ಮದೇ ಪೆಟ್ಟಿಗೆಯಿಂದ ದಿನಕ್ಕೆ ಎರಡು ಸೀಸೆ ತೆಗೆದು ಕುಡಿಯುವುದನ್ನು ರೂಢಿಸಿಕೊಂಡಿದ್ದರು.

ಆ ಎರಡು ಸೀಸೆಗಳ ಲೆಕ್ಕವನ್ನು ನೋಡೋಣ. ಮುನ್ನೂರು ಮಿಲಿಲೀಟರಿನ ಒಂದು ಕೋಲಾ ಸೀಸೆಯಲ್ಲಿ ಸುಮಾರು 32 ಗ್ರಾಂ ಸಕ್ಕರೆ ಇರುತ್ತದೆ. ಎಂದರೆ ಚಹದ ಚಮಚದಲ್ಲಿ ಎಂಟು ಚಮಚ. ನಮ್ಮ ಮನೆಯಲ್ಲಿ ಯಾರಾದರೂ ಒಂದು ಲೋಟ ಕಾಫಿಗೆ ಎಂಟು ಚಮಚ ಸಕ್ಕರೆ ಸುರಿದರೆ ಹೆಂಗಸರು ಕೈ ಹಿಡಿಯುತ್ತಾರೆ. ಸೀಸೆಯಲ್ಲಿ ತಣ್ಣಗಿರುವುದರಿಂದಲೂ ಹುಳಿ ಬೆರೆತಿರುವುದರಿಂದಲೂ ನಾಲಗೆಗೆ ಅಷ್ಟು ಸಿಹಿ ಎಂದು ತಿಳಿಯುವುದಿಲ್ಲ. ಎರಡು ಸೀಸೆ ಸೇರಿದರೆ ಸುಮಾರು 260 ಕ್ಯಾಲೊರಿ. ಒಂದು ಕಿಲೋ ಕೊಬ್ಬಿನಲ್ಲಿ ಅಡಗಿರುವ ಶಕ್ತಿ ಸುಮಾರು 7,700 ಕ್ಯಾಲೊರಿ ಎಂದು ಹೇಳುತ್ತಾರೆ. ಹಾಗಾದರೆ ಈ ಎರಡು ಸೀಸೆಗಳ ಸಕ್ಕರೆಯನ್ನು ಬಿಟ್ಟವರು ತಿಂಗಳಿಗೆ ಒಂದು ಕಿಲೋ ಇಳಿಯಬೇಕು, ವರ್ಷಕ್ಕೆ ಹನ್ನೆರಡು ಕಿಲೋ. ಕಾಗದದ ಮೇಲೆ ಈ ಲೆಕ್ಕ ಬಹಳ ಚೆನ್ನಾಗಿದೆ.

ಯಜಮಾನರಿಗೆ ಮಧುಮೇಹವಿರುವುದು ಕೆಲವು ವರ್ಷಗಳ ಹಿಂದೆಯೇ ತಿಳಿದಿತ್ತು. ತೂಕ ಇಳಿಸಲೇಬೇಕೆಂದು ವೈದ್ಯರು ಹೇಳಿದ ಮೇಲೆ, ಅಂದರೆ 2022ರಲ್ಲಿ, ಅವರು ಸಕ್ಕರೆಯ ಸೀಸೆಯನ್ನು ಬಿಟ್ಟು ಡಯಟ್ ಸೀಸೆಯನ್ನು ಹಿಡಿದರು. ನಾಲ್ಕು ತಿಂಗಳಲ್ಲಿ ತೊಂಬತ್ತನಾಲ್ಕು ಕಿಲೋ ತೊಂಬತ್ತೊಂದಕ್ಕೆ ಇಳಿಯಿತು. ಅಲ್ಲಿಗೆ ತಕ್ಕಡಿಯ ಮುಳ್ಳು ನಿಂತುಬಿಟ್ಟಿತು. "ನಾನು ಸಕ್ಕರೆ ಬಿಟ್ಟೆ, ತೂಕ ನನ್ನನ್ನು ಬಿಡಲಿಲ್ಲ" ಎಂದು ಅವರು ನಗುತ್ತ ದೂರುತ್ತಿದ್ದರು.

ಈ ನಡುವೆ 2023ರ ಮೇ ತಿಂಗಳು ಬಂದಿತು. ವಿಶ್ವ ಆರೋಗ್ಯ ಸಂಸ್ಥೆ ಒಂದು ಸಲಹೆಯನ್ನು ಪ್ರಕಟಿಸಿತು: ದೇಹದ ತೂಕವನ್ನು ಹತೋಟಿಯಲ್ಲಿಡುವ ಉಪಾಯವೆಂದು ಕೃತಕ ಸಿಹಿಕಾರಕಗಳನ್ನು ಬಳಸುವುದು ಬೇಡ. ಪತ್ರಿಕೆಯಲ್ಲಿ ನಾನು ತಲೆಬರಹವನ್ನು ಓದಿದೆ. ಕೆಳಗಿನ ಎರಡು ಸಾಲನ್ನೂ ಓದಿದೆ. ಅಷ್ಟಕ್ಕೇ ಪತ್ರಿಕೆಯನ್ನು ಮಡಿಸಿಟ್ಟು, ಆ ಸಂಜೆಯೇ ಕಲಾಸಿಪಾಳ್ಯಕ್ಕೆ ಹೋಗಿ ಯಜಮಾನರಿಗೆ ಉಪದೇಶ ಮಾಡಿದೆ. "ಈ ಡಯಟ್ ಸೋಡಾ ಪ್ರಯೋಜನವಿಲ್ಲ. ಬರಿಯ ನೀರು ಕುಡಿಯಿರಿ" ಎಂದೆ. ಜುಲೈ ತಿಂಗಳಲ್ಲಿ ಇನ್ನೊಂದು ಸುದ್ದಿ ಬಂದಿತು: ಈ ಪಾನೀಯಗಳಲ್ಲಿರುವ ಆಸ್ಪರ್ಟೇಮ್ ಎಂಬ ಸಿಹಿಕಾರಕವನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ "ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆ ಉಂಟು" ಎಂಬ ಪಟ್ಟಿಗೆ ಸೇರಿಸಿದೆ. ಅದನ್ನೂ ನಾನೇ ಹೋಗಿ ಹೇಳಿದೆ. ಯಜಮಾನರು ಡಯಟ್ ಸೀಸೆಯನ್ನು ಬಿಟ್ಟರು.

ಅವರು ನೀರು ಕುಡಿದರೆ? ಇಲ್ಲ. ನಲವತ್ತು ವರ್ಷ ಸೀಸೆ ಹಿಡಿದ ಕೈ ಅದು. "ಅದೂ ಕೆಟ್ಟದ್ದು, ಇದೂ ಕೆಟ್ಟದ್ದು ಎಂದಮೇಲೆ ರುಚಿಯಾಗಿರುವುದನ್ನೇ ಕುಡಿಯುತ್ತೇನೆ" ಎಂದುಕೊಂಡು ಮೌನವಾಗಿ ಹಳೆಯ ಸಕ್ಕರೆಯ ಸೀಸೆಗೆ ಮರಳಿದರು. ನನಗೆ ಅದು ತಿಳಿಯಲಿಲ್ಲ. ಸೆಪ್ಟೆಂಬರಿನಲ್ಲಿ ಒಂದು ದಿನ ಅಂಗಡಿಯಲ್ಲಿ ಅವರ ಮಗ ಕುಳಿತಿದ್ದ. ಅಪ್ಪನ ಎಡಗಾಲಿನ ಹೆಬ್ಬೆರಳಿಗೆ ಕ್ರೇಟು ತಗುಲಿ ಆದ ಗಾಯ ಮಾಯುತ್ತಿಲ್ಲವೆಂದೂ, ರಕ್ತದಲ್ಲಿ ಸಕ್ಕರೆ ವಿಪರೀತ ಏರಿದೆಯೆಂದೂ, ಬೆರಳನ್ನು ಉಳಿಸಿಕೊಳ್ಳುವುದು ಕಷ್ಟವಾಗಬಹುದೆಂದು ವೈದ್ಯರು ಹೇಳಿದರೆಂದೂ ಅವನಿಂದ ತಿಳಿಯಿತು. ದೇವರ ದಯೆ, ವೈದ್ಯರ ಶ್ರಮ. ಎರಡು ತಿಂಗಳ ಬಳಿಕ ಗಾಯ ಮಾಯಿತು, ಬೆರಳು ಉಳಿಯಿತು. ಆದರೆ ಆ ಎರಡು ತಿಂಗಳು ನನಗೆ ಸರಿಯಾಗಿ ನಿದ್ರೆ ಬರಲಿಲ್ಲ.

ಆಗ ನಾನು, ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆ. ಆ ಸಲಹೆಯನ್ನು ಪೂರ್ತಿಯಾಗಿ ಓದಿದೆ. ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: ಈ ಸಲಹೆ ಈಗಾಗಲೇ ಮಧುಮೇಹ ಇರುವವರನ್ನು ಕುರಿತದ್ದಲ್ಲ. ಅದು ಷರತ್ತಿಗೆ ಒಳಪಟ್ಟ ಸಲಹೆ ಎಂದೂ ಬರೆದಿತ್ತು. ಎಂದರೆ ಆಧಾರ ಅಷ್ಟೇನೂ ಗಟ್ಟಿಯಿಲ್ಲವೆಂದು ಅವರೇ ಒಪ್ಪಿಕೊಂಡಂತೆ. ನಾನು ಯಾರಿಗೆ ಉಪದೇಶ ಮಾಡಿದ್ದೆನೋ ಆ ಮನುಷ್ಯರನ್ನೇ ಹೊರಗಿಟ್ಟು ಬರೆದ ಮಾತನ್ನು ನಾನು ಅವರ ತಲೆಗೆ ಕಟ್ಟಿದ್ದೆ. ಆಸ್ಪರ್ಟೇಮಿನ ವಿಷಯವೂ ಹೀಗೆಯೇ. ಅದೇ ತಿಂಗಳು ಆಹಾರದ ಸೇರ್ಪಡೆಗಳನ್ನು ಪರಿಶೀಲಿಸುವ ಇನ್ನೊಂದು ತಜ್ಞ ಸಮಿತಿ, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂವರೆಗೆ ಬಾಧಕವಿಲ್ಲವೆಂಬ ಹಳೆಯ ಮಿತಿಯನ್ನು ಬದಲಾಯಿಸಲು ಕಾರಣ ಕಾಣುವುದಿಲ್ಲವೆಂದು ತಿಳಿಸಿತ್ತು. ಎಪ್ಪತ್ತು ಕಿಲೋ ತೂಗುವವರು ಆ ಮಿತಿಯನ್ನು ದಾಟಬೇಕಾದರೆ ದಿನಕ್ಕೆ ಒಂಬತ್ತಕ್ಕೂ ಹೆಚ್ಚು ಡಬ್ಬಿ ಕುಡಿಯಬೇಕು. ಹೆದರಿಕೆಯ ಸುದ್ದಿಗೆ ನನ್ನ ಕಾಲು ಬೇಗ ಓಡಿತು. ಸಮಾಧಾನದ ಸುದ್ದಿಗೆ ಓಡಲಿಲ್ಲ.

ಈ ಸಕ್ಕರೆಯಿಲ್ಲದ ಸಿಹಿ ಹುಟ್ಟಿದ ಬಗೆ ವಿನೋದವಾಗಿದೆ. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಫಾಲ್‌ಬರ್ಗ್ ಎಂಬ ರಸಾಯನಶಾಸ್ತ್ರಜ್ಞ ಪ್ರಯೋಗಶಾಲೆಯಿಂದ ಬಂದು ಕೈ ಸರಿಯಾಗಿ ತೊಳೆಯದೆ ಊಟಕ್ಕೆ ಕುಳಿತ, ರೊಟ್ಟಿ ಸಿಹಿಯಾಗಿತ್ತು. ಅದೇ ಸ್ಯಾಕರೀನ್. 1965ರಲ್ಲಿ ಷ್ಲಾಟರ್ ಎಂಬಾತ ಹೊಟ್ಟೆಹುಣ್ಣಿನ ಔಷಧಕ್ಕಾಗಿ ದುಡಿಯುತ್ತಿದ್ದಾಗ, ಕಾಗದ ಎತ್ತಲೆಂದು ಬೆರಳನ್ನು ನಾಲಗೆಗೆ ತಾಗಿಸಿ ಆಸ್ಪರ್ಟೇಮನ್ನು ಕಂಡ. ಅದು ಸಕ್ಕರೆಗಿಂತ ಸುಮಾರು ಇನ್ನೂರು ಪಾಲು ಸಿಹಿ. 1976ರಲ್ಲಿ ಲಂಡನ್ನಿನಲ್ಲಿ ಶಶಿಕಾಂತ ಫಡ್ನಿಸ್ ಎಂಬ ಭಾರತೀಯ ಸಂಶೋಧಕರು, ಗುರುಗಳು "ಪರೀಕ್ಷಿಸು" ಎಂದದ್ದನ್ನು "ರುಚಿ ನೋಡು" ಎಂದು ಕೇಳಿಸಿಕೊಂಡು ಸುಕ್ರಲೋಸನ್ನು ನಾಲಗೆಯ ಮೇಲಿಟ್ಟರೆಂದು ಹೇಳುತ್ತಾರೆ. ಇಷ್ಟು ಅಜಾಗರೂಕತೆಯನ್ನು ನಾನು ನನ್ನ ವಿದ್ಯಾರ್ಥಿಗಳಲ್ಲಿ ಕಂಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಗಮನಿಸಬೇಕಾದ ಸಂಗತಿ ಬೇರೆ ಇದೆ. 1952ರಲ್ಲಿ ನ್ಯೂಯಾರ್ಕಿನ ಬ್ರೂಕ್‌ಲಿನ್ನಿನಲ್ಲಿ ಕಿರ್ಷ್ ಎಂಬ ಸೋಡಾ ತಯಾರಕ ಸಕ್ಕರೆ ಇಲ್ಲದ ಪಾನೀಯವನ್ನು ಮಾರಾಟಕ್ಕೆ ತಂದದ್ದು ಮಧುಮೇಹದ ರೋಗಿಗಳಿಗಾಗಿ. ಕೊಳ್ಳುವವರಲ್ಲಿ ರೋಗಿಗಳಿಗಿಂತ ಮೈ ಇಳಿಸಬಯಸುವವರೇ ಹೆಚ್ಚೆಂದು ಬೇಗನೆ ತಿಳಿಯಿತು. ಜಾಹೀರಾತು ಆ ಕಡೆಗೆ ತಿರುಗಿತು. ದೊಡ್ಡ ಕಂಪನಿಗಳೂ ಹಿಂದೆಯೇ ಬಂದವು. 1982ರಲ್ಲಿ ಡಯಟ್ ಕೋಕ್ ಬಂದಿತು. ಸಕ್ಕರೆ ಕೂಡದವನಿಗೆಂದು ಮಾಡಿದ ಬದಲಿ ವಸ್ತು, ತೆಳ್ಳಗಾಗುವ ಔಷಧವೆಂಬ ವೇಷವನ್ನು ತೊಟ್ಟದ್ದು ಹೀಗೆ. ಗೊಂದಲವೆಲ್ಲ ಈ ವೇಷದಿಂದ ಬಂದದ್ದು.

ಇನ್ನು ವಿಜ್ಞಾನಿಗಳು ಏನು ಕಂಡರು? ಡಯಟ್ ಸೋಡಾ ಕುಡಿಯುವವರನ್ನೂ ಕುಡಿಯದವರನ್ನೂ ವರ್ಷಗಟ್ಟಲೆ ಗಮನಿಸಿದ ಅನೇಕ ಅಧ್ಯಯನಗಳಲ್ಲಿ ಕುಡಿಯುವವರೇ ಹೆಚ್ಚು ದಪ್ಪಗಾಗಿದ್ದರು. ಹಾಗೆಂದು ಸೋಡಾದಿಂದಲೇ ದಪ್ಪಗಾದರೆನ್ನಬಹುದೆ? ಬೀದಿಯಲ್ಲಿ ಕೊಡೆಗಳು ಹೆಚ್ಚಿದ ದಿನ ಮಳೆಯೂ ಹೆಚ್ಚು. ಕೊಡೆಯಿಂದ ಮಳೆ ಬಂದಿತೆಂದು ಯಾರೂ ಹೇಳುವುದಿಲ್ಲ. ದಪ್ಪಗಾಗುತ್ತಿರುವವರೇ ಹೆದರಿ ಡಯಟ್ ಸೋಡಾವನ್ನು ಹಿಡಿದಿರಬಹುದು, ನಮ್ಮ ಯಜಮಾನರಂತೆ.

ಈ ಸಂಶಯ ತೀರಬೇಕಾದರೆ ಪ್ರಯೋಗ ನಡೆಯಬೇಕು. 2012ರಲ್ಲಿ ಪ್ರಕಟವಾದ ಹಾಲೆಂಡಿನ ಪ್ರಯೋಗ ನನಗೆ ಬಹಳ ಹಿಡಿಸಿತು. 641 ಮಕ್ಕಳಿಗೆ ಹದಿನೆಂಟು ತಿಂಗಳ ಕಾಲ ದಿನಕ್ಕೊಂದು ಡಬ್ಬಿ ಪಾನೀಯ ಕೊಟ್ಟರು. ಕೆಲವರದರಲ್ಲಿ ಸಕ್ಕರೆ, ಉಳಿದವರದರಲ್ಲಿ ಕೃತಕ ಸಿಹಿ. ಯಾರದು ಯಾವುದೆಂದು ಮಕ್ಕಳಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಬೆಳೆಯುವ ಮಕ್ಕಳಾದ್ದರಿಂದ ಎಲ್ಲರ ತೂಕವೂ ಏರಿತು. ಸಕ್ಕರೆಯವರದು ಸರಾಸರಿ 7.37 ಕಿಲೋ, ಸಕ್ಕರೆ ಇಲ್ಲದವರದು 6.35 ಕಿಲೋ. ಎಂದರೆ ಸಕ್ಕರೆಯ ಜಾಗಕ್ಕೆ ಕೃತಕ ಸಿಹಿ ಬಂದರೆ ಲಾಭವುಂಟು. ಆದರೆ ಒಂದೂವರೆ ವರ್ಷಕ್ಕೆ ಅದು ಒಂದು ಕಿಲೋ ಲಾಭ.

ನೀರಿನೊಂದಿಗೆ ಹೋಲಿಸಿದರೆ? ಇಲ್ಲಿ ಸಾಕ್ಷಿಗಳು ಒಂದೇ ಮಾತನ್ನು ಹೇಳುವುದಿಲ್ಲ. ಅಮೆರಿಕದಲ್ಲಿ 303 ಜನರನ್ನು ತೂಕ ಇಳಿಸುವ ಶಿಕ್ಷಣಕ್ಕೆ ಸೇರಿಸಿ, ಅರ್ಧ ಜನಕ್ಕೆ ನೀರು, ಅರ್ಧ ಜನಕ್ಕೆ ಡಯಟ್ ಪಾನೀಯವೆಂದು ಗೊತ್ತುಮಾಡಿದರು. ಒಂದು ವರ್ಷದ ಬಳಿಕ ಡಯಟ್ ಪಾನೀಯದವರು 6.21 ಕಿಲೋ, ನೀರಿನವರು 2.45 ಕಿಲೋ ಇಳಿದಿದ್ದರು. 2015ರಲ್ಲಿ ಪ್ರಕಟವಾದ ಟೆಹರಾನಿನ ಪ್ರಯೋಗದಲ್ಲಿ ಇದಕ್ಕೆ ವಿರುದ್ಧ: ಆರು ತಿಂಗಳಿಗೆ ನೀರು ಕುಡಿದ ಮಹಿಳೆಯರು 8.8 ಕಿಲೋ, ಡಯಟ್ ಪಾನೀಯದವರು 7.6 ಕಿಲೋ ಇಳಿದರು. 2024ರಲ್ಲಿ ಪ್ರಕಟವಾದ ಲಿವರ್‌ಪೂಲಿನ ಪ್ರಯೋಗದಲ್ಲಿ ಮತ್ತೆ ಡಯಟ್ ಪಾನೀಯದವರೇ ಸ್ವಲ್ಪ ಮುಂದೆ: ಒಂದು ವರ್ಷಕ್ಕೆ 7.5 ಕಿಲೋ, ನೀರಿನವರು 6.1 ಕಿಲೋ. ಅಮೆರಿಕದ ಮತ್ತು ಲಿವರ್‌ಪೂಲಿನ ಪ್ರಯೋಗಗಳಿಗೆ ಹಣ ಕೊಟ್ಟದ್ದು ಪಾನೀಯ ತಯಾರಕರ ಸಂಘ ಎಂಬುದನ್ನು ನೆನಪಿನಲ್ಲಿಡಬೇಕು. ಆದರೆ ಅಮೆರಿಕದ ಪ್ರಯೋಗದಲ್ಲಿ ಇನ್ನೊಂದು ವಿವರವೂ ಇದೆ: ಸೇರಿದವರೆಲ್ಲರೂ ಮೊದಲಿನಿಂದ ಡಯಟ್ ಪಾನೀಯ ಕುಡಿಯುತ್ತಿದ್ದವರೇ. ನೀರಿನ ಗುಂಪಿನವರು ಅಭ್ಯಾಸವಾದ ಸೀಸೆಯನ್ನು ಕೆಳಗಿಡಬೇಕಾಯಿತು. ಹೀಗೆ ಕಸಿದುಕೊಂಡ ರುಚಿ ಎಲ್ಲಿಗೆ ಹೋಗಿ ಸೇಡು ತೀರಿಸಿಕೊಳ್ಳುತ್ತದೆಂಬುದನ್ನು ನಾನು ಕಲಾಸಿಪಾಳ್ಯದಲ್ಲಿ ಕಣ್ಣಾರೆ ಕಂಡವನು.

ಈ ಎಲ್ಲ ಪ್ರಯೋಗಗಳಲ್ಲಿ ಸಮಾನವಾದ ಅಂಶ ಒಂದಿದೆ. ಹೆಚ್ಚು ಕಿಲೋ ಇಳಿದವರೆಲ್ಲ ಊಟದ ಕ್ರಮವನ್ನೂ ಬದಲಾಯಿಸಿಕೊಂಡವರು. ಸೀಸೆಯನ್ನು ಮಾತ್ರ ಬದಲಾಯಿಸಿದಾಗ ಸಿಗುವ ಫಲ ಅಲ್ಪ. ನಮ್ಮ ನೆರೆಯ ಚೆನ್ನೈಯಲ್ಲಿ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮಧುಮೇಹಿಗಳ ಕಾಫಿ ಚಹಗಳಲ್ಲಿ ಸಕ್ಕರೆಗೆ ಬದಲು ಸುಕ್ರಲೋಸ್ ಹಾಕಿ ಹನ್ನೆರಡು ವಾರ ನೋಡಿದರು. ತೂಕ ಅರ್ಧ ಕಿಲೋಗಿಂತಲೂ ಕಡಿಮೆ ಇಳಿಯಿತು. ಕೆಡುಕಾಗಲಿಲ್ಲ, ಪವಾಡವೂ ಆಗಲಿಲ್ಲ.

ಕಾಗದದ ಲೆಕ್ಕ ತಿಂಗಳಿಗೆ ಒಂದು ಕಿಲೋ ಎಂದಿತ್ತಲ್ಲ, ಅದೆಲ್ಲಿ ಹೋಯಿತು? ಇದಕ್ಕೆ ಎರಡು ಕಾರಣಗಳಿವೆ. ಮೈ ಇಳಿದಂತೆ ಅದನ್ನು ಸಾಕಲು ಬೇಕಾಗುವ ಶಕ್ತಿಯೂ ಕಡಿಮೆಯಾಗುತ್ತದೆ. ಆದ್ದರಿಂದ ಇಳಿತ ತಾನಾಗಿಯೇ ನಿಧಾನವಾಗುತ್ತದೆ. ಎರಡನೆಯ ಕಾರಣವನ್ನು ನಾನು ಯಜಮಾನರ ಅಂಗಡಿಯಲ್ಲೇ ನೋಡಿದ್ದೆ, ನೋಡಿಯೂ ಅರ್ಥ ಮಾಡಿಕೊಂಡಿರಲಿಲ್ಲ. ಡಯಟ್ ಸೀಸೆ ಹಿಡಿದ ದಿನಗಳಲ್ಲಿ ಅವರು ಸಂಜೆ ನಾಲ್ಕು ಗಂಟೆಗೆ ಎದುರಿನ ಗಾಡಿಯಿಂದ ಒಂದು ತಟ್ಟೆ ಬೋಂಡ ತರಿಸುತ್ತಿದ್ದರು. "ಸೀಸೆಯಲ್ಲಿ ಉಳಿಸಿದ್ದೇನಲ್ಲ ಮೇಷ್ಟ್ರೇ, ಇಷ್ಟಕ್ಕೆ ದೋಷವಿಲ್ಲ" ಎನ್ನುತ್ತಿದ್ದರು. ಲಾರಿಯಿಂದ ಒಂದು ಮೂಟೆ ಇಳಿಸಿ ಇನ್ನೊಂದು ಮೂಟೆ ಏರಿಸಿದರೆ ಭಾರ ಕಡಿಮೆಯಾಗುವುದಿಲ್ಲವೆಂಬುದು ಕಲಾಸಿಪಾಳ್ಯದ ಹಮಾಲಿ ಹುಡುಗನಿಗೂ ಗೊತ್ತು. ನಮ್ಮ ಮೈಯ ವಿಷಯ ಬಂದಾಗ ಮಾತ್ರ ನಾವು ಇಳಿಸಿದ ಮೂಟೆಯನ್ನು ಎಣಿಸುತ್ತೇವೆ, ಏರಿಸಿದ್ದನ್ನು ಮರೆಯುತ್ತೇವೆ.

ಇನ್ನೂ ಕೆಲವು ಸಂಗತಿಗಳನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. 2022ರಲ್ಲಿ ಇಸ್ರೇಲಿನ ಸಂಶೋಧಕರು ಸ್ಯಾಕರೀನ್ ಮತ್ತು ಸುಕ್ರಲೋಸ್ ಕೆಲವರ ಕರುಳಿನ ಸೂಕ್ಷ್ಮಜೀವಿಗಳನ್ನು ಬದಲಾಯಿಸಿ, ರಕ್ತದ ಸಕ್ಕರೆಯ ಏರಿಳಿತಕ್ಕೆ ಕಾರಣವಾಗಬಹುದೆಂದು ತೋರಿಸಿದರು. ಆ ವಿಚಾರ ಇನ್ನೂ ಇತ್ಯರ್ಥವಾಗಿಲ್ಲ. ಡಯಟ್ ಪಾನೀಯದಲ್ಲಿಯೂ ಆಮ್ಲವಿದೆ. ಹಲ್ಲಿಗೆ ಅದು ಮಿತ್ರನಲ್ಲ. ಫಿನೈಲ್‌ಕೀಟೋನ್ಯೂರಿಯ ಎಂಬ ಹುಟ್ಟುರೋಗ ಇರುವವರು ಆಸ್ಪರ್ಟೇಮನ್ನು ಮುಟ್ಟಲೇಬಾರದು. ಈವರೆಗೆ ಇಂಥ ಪಾನೀಯ ಕುಡಿಯದವರು, ತೆಳ್ಳಗಾಗುತ್ತೇವೆಂಬ ಆಸೆಯಿಂದ ಹೊಸದಾಗಿ ಆರಂಭಿಸಲು ಯಾವ ಕಾರಣವೂ ಇಲ್ಲ. ದಿನವೂ ಸಕ್ಕರೆಯ ಸೀಸೆ ಕುಡಿಯುವವರಿಗೆ ಮಾತ್ರ ಅದು ಕೆಳಗಿಳಿಯುವ ಒಂದು ಮೆಟ್ಟಿಲು. ಮೆಟ್ಟಿಲ ಮೇಲೆಯೇ ಮನೆ ಕಟ್ಟಬೇಕಾಗಿಲ್ಲ. ಆದರೆ ಇಳಿಯುತ್ತಿರುವವನ ಕಾಲಡಿಯಿಂದ ಮೆಟ್ಟಿಲನ್ನು ಎಳೆಯಲೂ ಬಾರದು. ನಾನು ಮಾಡಿದ್ದು ಅದನ್ನೇ.

ಗಾಯ ಮಾದ ಮೇಲೆ ನಾನು ಯಜಮಾನರ ಮುಂದೆ ಹೋಗಿ ಇದೆಲ್ಲವನ್ನೂ ಒಪ್ಪಿಸಿದೆ. "ನನ್ನ ಮಾತಿನಿಂದ ನಿಮಗೆ ಕೇಡಾಯಿತು" ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಅನಂತರ, "ನೀವು ಹೇಳಿದ್ದು ನೀರು ಕುಡಿ ಅಂತ, ಮೇಷ್ಟ್ರೇ. ಸಕ್ಕರೆ ಕುಡಿದವನು ನಾನು. ಆದರೆ ಬಿಡಿ ಅಂದವರು, ಬಿಟ್ಟಮೇಲೆ ಏನು ಮಾಡುತ್ತೀರಿ ಅಂತ ಒಂದು ಸಲ ಬಂದು ಕೇಳಬೇಕಾಗಿತ್ತು" ಎಂದರು. ನಲವತ್ತು ವರ್ಷಗಳ ಸ್ನೇಹದಲ್ಲಿ ಅವರು ನನ್ನನ್ನು ಆಕ್ಷೇಪಿಸಿದ್ದು ಅದೊಂದೇ ಸಲ. ನ್ಯಾಯವಾದ ಆಕ್ಷೇಪಣೆ.

ಅಂದಿನಿಂದ ಕೇಳುತ್ತಿದ್ದೇನೆ. ವೈದ್ಯರ ಒಪ್ಪಿಗೆ ಪಡೆದು ಮೊದಲು ಡಯಟ್ ಸೀಸೆಗೆ ಮರಳಿದರು; ಎರಡು ಸೀಸೆ ಒಂದಾಯಿತು. ಬೋಂಡದ ತಟ್ಟೆ ವಾರಕ್ಕೊಮ್ಮೆ ಎಂದಾಯಿತು. ಕಾಲು ಗಟ್ಟಿಯಾದ ಮೇಲೆ ಬೆಳಗ್ಗೆ ಲಾಲ್‌ಬಾಗಿನವರೆಗೆ ಇಬ್ಬರೂ ಜೊತೆಯಾಗಿ ನಡೆಯುತ್ತೇವೆ. ಇತ್ತೀಚೆಗೆ ಹೆಚ್ಚಿನ ದಿನಗಳಲ್ಲಿ ಅವರು ಕುಡಿಯುವುದು ಅವರ ತಂದೆ ಮಾರುತ್ತಿದ್ದ ಬರಿಯ ಸೋಡಾಕ್ಕೆ ಅರ್ಧ ನಿಂಬೆಹಣ್ಣು ಹಿಂಡಿದ್ದು. ಉಪ್ಪು ಹೆಸರಿಗೆ ಒಂದು ಚಿಟಿಕೆ. ಮುದ್ರೆ ಒತ್ತದ, ಜಾಹೀರಾತಿಲ್ಲದ ಆ ಪಾನೀಯದಲ್ಲಿ ಸಕ್ಕರೆಯೂ ಇಲ್ಲ, ಸಕ್ಕರೆಯ ವೇಷವೂ ಇಲ್ಲ.

ಕಳೆದ ತಿಂಗಳು ಮತ್ತೆ ಪಾರ್ಸಲ್ ಕಚೇರಿಯ ತಕ್ಕಡಿ ಏರಿದರು. ಎಂಬತ್ತೇಳು ಕಿಲೋ. ಗುಮಾಸ್ತ ಎಂದಿನಂತೆ, "ಯಾವ ಊರಿಗೆ ಬುಕ್ ಮಾಡಲಿ?" ಎಂದ. "ಈಗಲೇ ಬೇಡಪ್ಪ, ಇನ್ನಷ್ಟು ದಿನ ಕಲಾಸಿಪಾಳ್ಯದಲ್ಲೇ ಇರುತ್ತೇನೆ" ಎಂದು ಯಜಮಾನರು ತಕ್ಕಡಿಯಿಂದ ಇಳಿದರು. ಈ ಸಲ ಅವರ ನಗೆಯಲ್ಲಿ ಸಂತೋಷವಿತ್ತು.